ಸೆರಗಿಲ್ಲದ ಸೀರೆ, ಸೂರಿಲ್ಲದ ಮನೆ

ಮನೆಯ ನಕ್ಷೆ ಬರೆಯುವವನ ಹತ್ತಿರ ಜನ ಬರೀ ನಕ್ಷೆಗೆ ಬರುವುದಿಲ್ಲ, ಒಂದೊಂದು ಪೇಚಾಟವನ್ನೂ ಜೊತೆಗೆ ತರುತ್ತಾರೆ. ಇಳಕಲ್ಲಿನ ಅರ್ಧ ಮಂದಿಗೆ ಮನೆ ಬರೆದುಕೊಟ್ಟು, ಬಾಡಿಗೆ ಮನೆಯಲ್ಲೇ ಉಳಿದವನು ನಾನು. ಹಾಗಾಗಿ ದಿನದ ದುಡಿಮೆಯವರು ಮನೆ ಕಟ್ಟುತ್ತೇವೆಂದು ಬಂದರೆ, ಇವರದು ಹೇಗೆ ಏಳುತ್ತದೋ ನೋಡಬೇಕೆಂಬ ಕುತೂಹಲ ತಡೆಯಲಾಗುತ್ತಿರಲಿಲ್ಲ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಬಂದ ಒಬ್ಬ ನೇಕಾರನ ಮನೆಯದಂತೂ ಮರೆಯುವಂಥದ್ದಲ್ಲ.

೧. ಜಾಗದ ಅಳತೆ

ಗಂಡ ಹೆಂಡತಿ ಇಬ್ಬರೂ ಬಂದಿದ್ದರು. ಕಾರಹುಣ್ಣಿಮೆಯೊಳಗೆ ಬಾಡಿಗೆ ಮನೆ ಖಾಲಿ ಮಾಡಬೇಕಂತೆ.

"ಜಾಗದ ಉದ್ದ ಎಷ್ಟು?" ಎಂದೆ.

"ಒಂದೂವರಿ ಸೀರಿ ಐತ್ರಿ," ಎಂದ. ಟೇಪು ಸಿಗದೆ ಸೀರೆ ಹಿಡಿದೇ ಅಳೆದಿದ್ದ.

ಹೆಂಡತಿಗೆ ಸಿಟ್ಟು ಬಂತು. "ಅದು ನಿಮ್ಮವ್ವನ ಒಂಬತ್ತು ಗಜದ ಸೀರಿ. ನನ್ನ ಆರು ಗಜದ್ದು ಹಿಡದಿದ್ರ ಎರಡು ಸೀರಿಗಿಂತ ಜಾಸ್ತಿ ಆಗ್ತಿತ್ತು!"

ಅತ್ತೆಯ ಸೀರೆಯಿಂದಾಗಿ ಜಾಗವೇ ಕಡಿಮೆಯಾಯಿತೆಂದು ಅವಳ ಕೊರಗು. ನಾನೇ ಟೇಪು ಹಿಡಿದು ಹೊರಟೆ. ಒಲೆ ಎಲ್ಲಿ, ದೇವರು ಎಲ್ಲಿ, ಮಗ್ಗ ಎಲ್ಲಿ ಎಂದು ಎಲ್ಲವನ್ನೂ ಕೇಳಿಯೇ ನಕ್ಷೆ ಬರೆದೆ.

೨. ಕೈಗೆ ಕೈ

ಕೂಡಿಟ್ಟ ದುಡ್ಡು ಕಲ್ಲು, ಸಿಮೆಂಟಿಗೆ ಮುಗಿಯಿತು. ಗೋಡೆ ಕಟ್ಟುವ ಗೌಂಡಿಯ ಕೂಲಿಗೆ ಏನೂ ಉಳಿಯಲಿಲ್ಲ. ಆದರೆ ಗೌಂಡಿಯ ಹಿರೇಮಗಳ ಮದುವೆ ಗೊತ್ತಾಗಿತ್ತು. ಮದುಮಗಳಿಗೆ, ಬೀಗರಿಗೆ, ನೆಂಟರಿಗೆ ಉಡುಗೊರೆ ಕೊಡುವ ಆಯೇರಿಗೆ ಅಂತ ರಾಶಿ ಸೀರೆ ಬೇಕಿತ್ತು.

"ರೇಷ್ಮಿ ನಂದು, ನೇಯೂದು ನಿಂದು. ಕಲ್ಲು ನಿಂದು, ಕಟ್ಟೂದು ನಂದು," ಎಂದ ಗೌಂಡಿ. ನನ್ನ ಲೆಕ್ಕಕ್ಕೆ ಹೊಳೆಯದ ದಾರಿ ಇದು.

ಅಂದಿನಿಂದ ಸಂಜೆಯಾದರೆ ಗೌಂಡಿ ಮಗ್ಗದ ಮುಂದೆ ಹಾಜರು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ನೇಕಾರ ನೇಯುತ್ತಿದ್ದ.

"ಇವತ್ತ ಬರೇ ಒಂದು ಮೊಳ ಏನಲೇ?" ಎನ್ನುತ್ತಿದ್ದ ಗೌಂಡಿ.

"ನನ್ನ ಗ್ವಾಡಿ ನೋಡಿ ಬಂದೇನಿ. ಅದೂ ಒಂದ ಮೊಳ ಎದ್ದೈತಿ."

೩. ತಲೆಯ ಮೇಲಿನದು

ಗೋಡೆ ಎದ್ದವು, ಸೀರೆಗಳೂ ಮುಗಿದವು. ಮದುಮಗಳ ಸೀರೆ ಮಾತ್ರ ಉಳಿಯಿತು. ಇಳಕಲ್ ಸೀರೆಯ ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಬೇರೆಯಾಗಿ ಕೊಂಡಿ ಹಾಕಿ ಜೋಡಿಸಬೇಕು. ನೇಕಾರ ಒಡಲು ನೇಯ್ದು ಕೈಕಟ್ಟಿ ಕೂತ. ಅತ್ತ ಗೌಂಡಿ ಬೇರೆ ಕೆಲಸ ಹಿಡಿದು, ಮನೆಯ ಸೂರಿಗೆ ಸ್ಲ್ಯಾಬ್ ಹಾಕಲು ಬಂದೇ ಇರಲಿಲ್ಲ.

"ಮದುವಿ ಹತ್ರ ಬಂತು. ಸೆರಗ ಎಲ್ಲಿ?" ಎಂದ ಗೌಂಡಿ.

"ನನ್ನ ಮನಿಗೆ ತಲಿಮ್ಯಾಗ ಏನೈತಿ? ನಿನ್ನ ಮಗಳಿಗೂ ಅಷ್ಟ."

ಕಡೆಗೆ ನೇಕಾರನ ತಾಯಿ ಇಬ್ಬರನ್ನೂ ಬೈದು, ಒಂದೇ ದಿನ ಶುರು ಮಾಡಿರಿ ಎಂದಳು. ಇಲ್ಲಿ ಕೊಂಡಿ ಬಿತ್ತು, ಅಲ್ಲಿ ಕಾಂಕ್ರೀಟು ಬಿತ್ತು. ಮದುಮಗಳು ಸೆರಗು ಹೊದ್ದೇ ಗಂಡನ ಮನೆಗೆ ಹೋದಳು.

೪. ಗೃಹಪ್ರವೇಶ

ಗ್ರಾನೈಟ್ ಕಾರ್ಖಾನೆಯವರು ಎಸೆದ ಕೆಂಪು ತುಂಡುಗಳನ್ನೇ ಆಯ್ದು ನೆಲ ಮಾಡಿದ್ದರು. ಬಂದವರೆಲ್ಲ ನೆಲವನ್ನೇ ಹೊಗಳುತ್ತಿದ್ದರು. ನೇಕಾರನ ತಾಯಿಯೊಬ್ಬಳೇ ಮಗ್ಗದ ಕೋಣೆಗೆ ಹೋಗಿ ಸುತ್ತ ಒಂದು ಸಲ ನಡೆದಳು.

"ಎಲ್ಲಾ ಛಲೋ ಆಗೇತಿ. ನನ್ನ ಮಗ ಕಾಲ ಎಲ್ಲಿ ಇಡಬೇಕು?"

ಕುಣಿಯೇ ಇರಲಿಲ್ಲ! ನಕ್ಷೆ ಬಿಡಿಸಿದೆ. 'ಮಗ್ಗ' ಎಂದು ಅಂದವಾಗಿ ಬರೆದಿದ್ದೆ, ಕುಣಿ ಬರೆದಿರಲಿಲ್ಲ. ನಾಚಿಕೆಯಿಂದ ಹಿಡಿಯಾದೆ.

"ನೀ ಯಾಕ ಹೇಳಲಿಲ್ಲೋ?" ಎಂದು ನಾನು ಕೇಳಿದರೆ ನೇಕಾರ ಕಣ್ಣು ಪಿಳುಕಿಸಿದ. "ಅದನ್ನೂ ಹೇಳಬೇಕೇನ್ರಿ? ಹುಟ್ಟಿದಾಗಿಂದ ಮನಿ ಅಂದ್ರ ಕುಣಿ ಇದ್ದ ಇರ್ತೈತಲ್ರಿ."

ಬಾಡಿಗೆ ಮನೆಯ ಕೀಲಿ ಕೊಟ್ಟಾಗಿತ್ತು. ಮಗ್ಗ ಹೂಡದಿದ್ದರೆ ನಾಳೆ ಒಲೆ ಹೊತ್ತುವುದಿಲ್ಲ. ಹೆಂಡತಿ ಆ ಕೆಂಪು ನೆಲವನ್ನೊಮ್ಮೆ ನೋಡಿ ಕಣ್ಣೊರೆಸಿಕೊಂಡಳು.

"ಒಡೀರಿ ಅಣ್ಣಾ. ಏನ್ ತಗೋತೀರಿ ಹೇಳ್ರಿ," ಎಂದಳು ಗೌಂಡಿಗೆ.

ಗೌಂಡಿ ಹೊಸ ಅಂಗಿ ಕಳಚಿ ಗೂಟಕ್ಕೆ ಹಾಕಿ, ಹಾರೆ ಕೈಗೆತ್ತಿಕೊಂಡ.

"ರೊಕ್ಕ ಬ್ಯಾಡ ತಂಗಿ. ನನಗ ಇನ್ನೊಬ್ಬಾಕಿ ಮಗಳದಾಳ."