ಎರಡು ತಿಂಗಳು ಬಾಡದ ಹೂವು

ದಿನಾ ಬೆಳಿಗ್ಗೆ ದೀಪ ಹಚ್ಚುವಾಗ ‘ಸಿಟ್ಟು ಕೊಡಬೇಡಪ್ಪಾ’ ಎಂದು ಬೇಡಿಕೊಳ್ಳುವವಳು ನಾನು. ಕಾಫಿ ಕಾಯುವಷ್ಟರಲ್ಲಿ ಅದು ಬಂದೇ ಬಿಟ್ಟಿರುತ್ತದೆ. ಈಗ ಬಂದಿರುವ ಸಿಟ್ಟಿಗೆ ಒಂದು ಹೂವು ಕಾರಣ ಎಂದರೆ ಕೇಳಿದವರು ನಗುತ್ತಾರೆ. ನಗಲಿ, ಅವರ ಅಡುಗೆಮನೆಗೆ ಈ ಗತಿ ಬಂದಿಲ್ಲ.

ಮಧುಗಿರಿಯ ನಮ್ಮ ಮನೆಯ ಹಿಂದೆ ಆ ದೊಡ್ಡ ಬಂಡೆ. ಹಗಲೆಲ್ಲ ಕಾದು, ಸಂಜೆಗೆ ಆ ಕಾವನ್ನೆಲ್ಲ ನಮಗೇ ಹಿಂತಿರುಗಿಸುತ್ತದೆ. ಎಳೆಬಿಸಿಲು ಬಿದ್ದು ತಂಪಾಗಿರುವ ಜಾಗವೆಂದರೆ ಅಡುಗೆಮನೆಯ ಪೂರ್ವದ ಕಿಟಕಿ ಒಂದೇ. ಅಗಲ ಎರಡು ಗೇಣು. ಅಷ್ಟಾದರೂ ಕೊಟ್ಟನಲ್ಲ ದೇವರು ಎಂದು ಸಿರಾ ರಸ್ತೆಯ ನರ್ಸರಿಗೆ ಹೋಗಿ ಆರ್ಕಿಡ್ ಕೇಳಿದೆ. ನರ್ಸರಿಯ ಭಾಯಿ ನನ್ನೆತ್ತರದ ಗಿಡವೊಂದನ್ನು ಎಳೆದು ತಂದರು.

“ಕಿಟಕಿ ಎರಡು ಗೇಣು ಅಂದೆನಲ್ಲ ಭಾಯಿ, ಇದನ್ನಿಟ್ಟರೆ ನಾನು ಹೊರಗೆ ನಿಂತು ಅಡುಗೆ ಮಾಡಬೇಕು. ಗಿಡ್ಡಗಿರಲಿ, ಗೋಳು ಕೊಡದೆ ಹೂ ಬಿಡಲಿ.”

“ಹಂಗಾದ್ರೆ ಈ ಚಿಟ್ಟೆ ಹೂವಿಂದು ತಗೊಳ್ಳಿ ಅಮ್ಮ. ಬಿಸಿಲು ಜಾಸ್ತಿ ಬ್ಯಾಡ, ನೀರೂ ಜಾಸ್ತಿ ಬ್ಯಾಡ. ಒಂದ್ಸಲ ಅರಳಿದ್ರೆ ಎರಡು ತಿಂಗಳು ಬಾಡಲ್ಲ, ಫಿಕರ್ ಮಾಡಬ್ಯಾಡಿ.”

ಕುಂಡದಲ್ಲಿ ಹಿಡಿ ಮಣ್ಣಿಲ್ಲ, ಬರೀ ಇದ್ದಿಲು, ಮರದ ತೊಗಟೆ. ಇದ್ದಿಲಿಗೂ ದುಡ್ಡು ಕೊಟ್ಟು ಬಂದಳು ಸೊಸೆ ಎಂದು ಪಾವಗಡದ ಕಡೆಯ ನಮ್ಮತ್ತೆ ಬೀದಿಗೆಲ್ಲ ಸಾರಿದರು. ಆದರೆ ಕಾರ್ತಿಕದ ಚಳಿ ಬಿದ್ದದ್ದೇ ಗಿಡ ಕಡ್ಡಿ ಬಿಟ್ಟಿತು, ಮೊಗ್ಗು ಕಟ್ಟಿತು, ಒಂದು ಬೆಳಿಗ್ಗೆ ನಸುಗೆಂಪು ಹೂವು ಅರಳಿತು. ಬಾಡದಿರಲಪ್ಪಾ ಎಂದು ಕೈಮುಗಿದೆ. ಮುಗಿದ ಕೈ ಇಳಿಸುವ ಮೊದಲೇ ಅತ್ತೆ ಹೂಬುಟ್ಟಿ ಹಿಡಿದು ಬಂದರು.

“ಕಿತ್ತು ಕೊಡಮ್ಮ, ಸುಬ್ರಮಣ್ಯಸ್ವಾಮಿಗೆ ಏರಿಸ್ತೀನಿ.”

“ಇದು ಗಿಡದಲ್ಲೇ ಇರಬೇಕಾದ ಹೂವು ಅತ್ತೆ. ಕಿತ್ತರೆ ನಾಳೆಗೆ ನಿರ್ಮಾಲ್ಯ.”

“ಏಮಮ್ಮಾ, ಸ್ವಾಮಿಗಿಲ್ಲದ ಹೂವು ನಿನ್ನ ಸಾರಿನ ಪಾತ್ರೆಗಾ?”

ನನಗೆ ರೇಗಿತು. ಬಂದಾಗಿನಿಂದ ಈ ಮನೆಯ ಮಲ್ಲಿಗೆ, ಕನಕಾಂಬರ, ದಾಸವಾಳ, ಎಲ್ಲವನ್ನೂ ಅವನಿಗೇ ಕೊಟ್ಟಿದ್ದೇನೆ. ಒಂದೇ ಒಂದನ್ನು ಕಣ್ತುಂಬ ನೋಡಿಕೊಳ್ಳುತ್ತೇನೆ ಎಂದರೆ ಪಾಪವೇ? ಯಜಮಾನರ ಕಡೆ ನೋಡಿದೆ. ಅವರು ಪೇಪರನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿದುಕೊಂಡರು. ಆ ರೋಷದಲ್ಲೇ ದೇವರ ಗೂಡಿನಿಂದ ಸ್ವಾಮಿಯ ಪಟವನ್ನೇ ತಂದು ಕಿಟಕಿಯಲ್ಲಿ, ಹೂವಿನ ಪಕ್ಕಕ್ಕೆ ಒರಗಿಸಿದೆ. “ಹೂವು ಹೋಗೋದು ಬೇಡ, ಸ್ವಾಮಿಯೇ ಬಂದರು. ಆಯ್ತಾ?”

ಅತ್ತೆ ಖಾಲಿ ಹೂಬುಟ್ಟಿ ಹಿಡಿದು ಹೊರಟುಹೋದರು. ಗೆದ್ದೆ ಅಂದುಕೊಂಡೆ. ಮಧ್ಯಾಹ್ನ ಸಾರಿಗೆ ಈರುಳ್ಳಿ ಹೆಚ್ಚಲು ಕೂತರೆ, ಅತ್ತೆ ಬಂದು ಈರುಳ್ಳಿ ಬುಟ್ಟಿಯನ್ನೇ ಎತ್ತಿಕೊಂಡರು.

“ಸ್ವಾಮಿ ಕಣ್ಮುಂದೆ ಈರುಳ್ಳಿ ಬೆಳ್ಳುಳ್ಳಿ ಹೆಂಗಮ್ಮ ಹೆಚ್ತೀಯ? ಹೂವು ಇರೋಗಂಟ ಬ್ಯಾಡ.”

ಅಂದಿನಿಂದ ಸಪ್ಪೆ ಸಾರು. ಯಜಮಾನರು ಈಗ ಪೇಪರ್ ಕೆಳಗಿಟ್ಟು “ಅದು ಯಾವಾಗ ಬಾಡುತ್ತೆ?” ಎಂದು ನನ್ನನ್ನು ಕೇಳುತ್ತಾರೆ, ಅಮ್ಮನನ್ನು ಕೇಳಲಾರರು. ಭಾಯಿ ಮಾತು ತಪ್ಪುವವರಲ್ಲ. ತಿಂಗಳಾಗುತ್ತ ಬಂತು, ಹೂವು ನಿನ್ನೆ ಅರಳಿದಂತಿದೆ. ದೀಪ ಹಚ್ಚಿದವಳೇ ಕನ್ನಡಕ ಹಾಕಿಕೊಂಡು ದಳದ ಅಂಚು ಎಲ್ಲಾದರೂ ಒಣಗಿದೆಯೇ ಎಂದು ಹುಡುಕುತ್ತೇನೆ. ಇವತ್ತು ನೋಡಿದರೆ ಕಡ್ಡಿಯ ತುದಿಯಲ್ಲಿ ಇನ್ನೂ ಮೂರು ಮೊಗ್ಗು. ಇಷ್ಟು ವರ್ಷ ನನ್ನ ಸಿಟ್ಟಿನ ಬೇಡಿಕೆಗೆ ಕಿವಿಗೊಡದ ಸ್ವಾಮಿ, ಬಾಡದಿರಲಿ ಅಂದದ್ದನ್ನು ಮಾತ್ರ ಒಂದೇ ಸಲಕ್ಕೆ ಕೇಳಿಸಿಕೊಂಡಿದ್ದಾನೆ.