ಹದಿನೇಳು ಬಿಳುಪು, ಒಂದು ಹೆಡ್‌ಲೈಟು

ಬಿಳಿ ಬಣ್ಣದಲ್ಲಿ ಹದಿನೇಳು ಬಗೆಗಳಿವೆ. ಇದು ನನ್ನ ಹೆಂಡತಿಗೆ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳುವ ಮನಸ್ಸೂ ಅವಳಿಗಿಲ್ಲ. ಬಣ್ಣದಂಗಡಿಯಲ್ಲಿ ಇಪ್ಪತ್ತೆರಡು ವರ್ಷ ಡಬ್ಬಿಗೆ ಡಬ್ಬಿ ಬೆರೆಸಿದ ಈ ನನ್ನ ಕಣ್ಣುಗಳು ಹಾಲಿನ ಬಿಳುಪು, ಸುಣ್ಣದ ಬಿಳುಪು, ದಂತದ ಬಿಳುಪು, ಹಳೇ ಬನಿಯನ್ನಿನ ಬಿಳುಪು ಎಂದು ಹತ್ತು ಹೆಜ್ಜೆ ದೂರದಿಂದಲೇ ಗುರುತಿಸಬಲ್ಲವು. ಮನೆಯಲ್ಲಿ ಮಾತ್ರ ಈ ದಿವ್ಯದೃಷ್ಟಿಗೆ ಕಿಲುಬು ಕಾಸಿನ ಕಿಮ್ಮತ್ತಿಲ್ಲ. ಆ ಕಿಮ್ಮತ್ತನ್ನು ಸ್ಥಾಪಿಸಿಯೇ ತೀರುತ್ತೇನೆಂದು ನಾನು ಹೊರಟ ದಿನದ ಕಥೆ ಇದು.

ಮರುದಿನ ನನ್ನ ಅತ್ತೆಯವರ ಕಣ್ಣಿನ ಪೊರೆಯ ಆಪರೇಷನ್ ಇತ್ತು. ಆ ತಾರೀಖಿಗಾಗಿ ನಾಲ್ಕು ತಿಂಗಳು ಕಾದಿದ್ದೆವು. (ಅದಕ್ಕೂ ಮುಂಚೆ ಸಿಕ್ಕಿದ್ದ ತಾರೀಖು, ಚೀಟಿಯಲ್ಲಿದ್ದ ನಾಲ್ಕನ್ನು ನಾನು ಒಂಬತ್ತು ಎಂದು ಓದಿದ್ದರಿಂದ ಕೈತಪ್ಪಿತ್ತು. ಆ ವಿಷಯವನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ, ದಿನಕ್ಕೆ ಎರಡು ಸಲಕ್ಕಿಂತ ಹೆಚ್ಚಾಗಿ.) ಬೆಳಿಗ್ಗೆ ಏಳಕ್ಕೆ ಆಸ್ಪತ್ರೆಯಲ್ಲಿರಬೇಕು. ಮೂರು ಗಂಟೆಯ ದಾರಿ, ಅದರಲ್ಲಿ ಅರ್ಧ ಘಾಟಿ. ಕತ್ತಲಲ್ಲೇ ಹೊರಡಬೇಕು. ನಮ್ಮ ಮನೆಯಲ್ಲಿ ಕಾರು ಓಡಿಸುವವಳು ಹೆಂಡತಿ, ತೊಳೆಯುವವನು ನಾನು.

ಅಂದು ಬೆಳಿಗ್ಗೆ ಹನ್ನೊಂದೂವರೆಗೆ ಹೆಂಡತಿ ಎಲ್ಲ ಸರಿಯಿದೆಯೇ ನೋಡೋಣವೆಂದು ಗ್ಯಾರೇಜಿನಲ್ಲೇ ಹೆಡ್‌ಲೈಟು ಹಾಕಿದಳು. ಬಲಗಡೆಯದು ಉರಿಯಿತು. ಎಡಗಡೆಯದು ಕೆಮ್ಮಲೂ ಇಲ್ಲ.

"ರೀ, ಇದೊಂದು ಹೋಗಿದೆ."

"ಹೋದ್ರೆ ಹೋಯ್ತು, ಇನ್ನೊಂದಿದೆಯಲ್ಲ."

"ಒಂಟಿಗಣ್ಣಿನ ಗಾಡೀಲಿ ಅಮ್ಮನ್ನ ಕೂರಿಸ್ಕೊಂಡು ಕತ್ತಲೇಲಿ ಘಾಟಿ ಹತ್ತಲಾ ನಾನು?"

ಬಾಡಿಗೆ ಕಾರಿನವನು ಅಷ್ಟು ಬೇಗ ಏಳುವುದಿಲ್ಲ ಎಂದುಬಿಟ್ಟ. ಬಿಡಿಭಾಗದ ಅಂಗಡಿಯವನಿಗೆ ಫೋನ್ ಮಾಡಿದರೆ, "ಒಂದು ಗಂಟೆಗೆ ಶಟರ್ ಎಳೀತೀನಿ, ಮೂರು ದಿನ ಊರಲ್ಲಿರಲ್ಲ. ಹೆಡ್‌ಲೈಟು ಯಾವ ಥರದ್ದು ಹೇಳಿ. ಹ್ಯಾಲೊಜೆನ್ನಾ, ಜೀನಾನಾ, ಎಲ್‌ಇಡಿನಾ?" ಎಂದ.

ಹೆಂಡತಿ ನನ್ನ ಮುಖ ನೋಡಿದಳು. "ಕಾರಿನ ಪುಸ್ತಕ ಎಲ್ಲಿ?"

ಪುಸ್ತಕ ಇತ್ತು. ಆದರೆ ಅದರ ಕಾಗದ ಬಹಳ ನುಣುಪು, ಬಣ್ಣ ಪರೀಕ್ಷಿಸಲು ಅಷ್ಟು ಒಳ್ಳೆಯ ಕಾಗದ ಬೇರೆಲ್ಲೂ ಸಿಗುವುದಿಲ್ಲ. ಅವಳು ತೆರೆದ 'ದೀಪಗಳು' ಎಂಬ ಪುಟದ ಮೇಲೆ ನನ್ನ ಕೈಯಾರೆ ಬಳಿದ ಒಂಬತ್ತು ಬಗೆಯ ಬಿಳುಪು ಸಾಲಾಗಿ ಒಣಗಿ ಕೂತಿದ್ದವು. ಅವುಗಳ ಸಂದಿನಿಂದ 'ಎಚ್ಚರಿಕೆ' ಎಂಬ ಒಂದೇ ಪದ ಇಣುಕುತ್ತಿತ್ತು.

"ಪುಸ್ತಕ ಯಾಕೆ? ನಾನಿಲ್ವಾ?" ಎಂದೆ, ಅವಳು ಬಾಯಿ ತೆರೆಯುವ ಮೊದಲೇ. "ಹಳದಿಯಾಗಿದ್ರೆ ಹ್ಯಾಲೊಜೆನ್ನು, ಬೆಳ್ಳಗಿದ್ರೆ ಬೇರೆ ಎರಡರಲ್ಲಿ ಒಂದು. ಇಷ್ಟು ಯಾರಿಗೆ ಗೊತ್ತಿಲ್ಲ? ಬಣ್ಣ ಹೇಳೋಕೆ ನನಗೆ ಪುಸ್ತಕ ಬೇಕಾ?"

ಬಣ್ಣ ಬಲ್ಲವನು ದೀಪವನ್ನು ನೇರವಾಗಿ ನೋಡುವುದಿಲ್ಲ, ಬೆಳಕು ಬಿದ್ದ ಜಾಗವನ್ನು ನೋಡುತ್ತಾನೆ. ನಾನು ಕೈ ಹಿಂದೆ ಕಟ್ಟಿಕೊಂಡು ಎದುರಿನ ಗೋಡೆಯನ್ನು ಅವಲೋಕಿಸಿದೆ. ಬೆಳ್ಳಗಿತ್ತು. ಹಾಲಿನ ಬಿಳುಪಿಗೂ ಸುಣ್ಣದ ಬಿಳುಪಿಗೂ ನಡುವೆ.

"ಜೀನಾನ್," ಎಂದು ಫೋನಿನಲ್ಲಿ ಘೋಷಿಸಿದೆ.

"ಹಾಗಿದ್ರೆ ದೀಪದ ಕೆಳಗೆ ಅಂಗೈ ಅಗಲದ ಒಂದು ಕರೆಂಟಿನ ಡಬ್ಬಿ ಇರಬೇಕು. ಇದೆಯಾ ನೋಡಿ, ಆಮೇಲೆ ಮಾತಾಡಿ."

ಬಾನೆಟ್ಟು ಎತ್ತಿದೆವು. ಡಬ್ಬಿ ಹುಡುಕಿದೆವು. ಸಿಕ್ಕಿತೆಂದು ನಾನು ಕೂಗಿ ತೋರಿಸಿದ್ದು ಕಾರಿನ ಹಾರ್ನ್ ಎಂದು ಹೆಂಡತಿ ಹೇಳಿದಳು. ಗಡಿಯಾರ ಹನ್ನೆರಡು ದಾಟಿತು. ಅವಳ ಮೂಗಿನ ತುದಿ ಕೆಂಪಾಗಿತ್ತು. ನಮ್ಮ ಮನೆಯ ಹವಾಮಾನ ಸೂಚನೆ ಅದೇ.

"ಡಬ್ಬಿ ಇಲ್ಲ. ಹಾಗಾದ್ರೆ ಎಲ್‌ಇಡಿ," ಎಂದೆ ಫೋನಿಗೆ. ದನಿಯಲ್ಲಿ ಮೊದಲಿನ ಗಾಂಭೀರ್ಯ ಇರಲಿಲ್ಲ.

"ಎಲ್‌ಇಡಿ ಆದ್ರೆ ಬಲ್ಬು ಬದಲಾಯಿಸೋ ಹಾಗಿಲ್ಲ ಸಾರ್. ಇಡೀ ದೀಪಾನೇ ತರಿಸ್ಬೇಕು. ನಾಲ್ಕು ದಿನ ಆಗುತ್ತೆ."

ಹೆಂಡತಿ ಬೈಯುತ್ತಾಳೆಂದು ಕಾದೆ. ಅವಳು ಬೈಯಲಿಲ್ಲ. ಬಾನೆಟ್ಟಿನ ಅಂಚು ಹಿಡಿದು ನಿಂತಳು, ಕಣ್ಣಲ್ಲಿ ನೀರು ತುಂಬಿತ್ತು. "ಅಮ್ಮ ನಿನ್ನೆ ನಾನು ಅಂದ್ಕೊಂಡು ಬಾಗಿಲಿಗೆ ನೇತುಹಾಕಿದ್ದ ಕೋಟಿನ ಜೊತೆ ಮಾತಾಡ್ತಿದ್ರು," ಎಂದಳು ಮೆಲ್ಲಗೆ. ನನಗೆ ಆ ಕ್ಷಣ ನಿಜವಾಗಿಯೂ ಭೂಮಿಗೆ ಇಳಿದು ಹೋದಂತಾಯಿತು.

ಆಗ ಅಡುಗೆಮನೆಯ ಬಾಗಿಲಿನಿಂದ ಗೋಡೆ ಸವರಿಕೊಂಡು ಅತ್ತೆಯವರು ಬಂದರು.

"ಹಳದಿ ಕಣೇ," ಎಂದರು.

"ಏನಮ್ಮ?"

"ನಿಮ್ಮ ಕಾರಿನ ದೀಪ. ಎರಡು ವರ್ಷದಿಂದ ರಸ್ತೇಲಿ ಬರೋ ದೀಪಗಳ ಕಾಟ ಅನುಭವಿಸಿದೋಳು ನಾನು. ಬಿಳೀವು ಬಂದ್ರೆ ಕಣ್ಣಿಗೆ ಸೂಜಿ ಚುಚ್ಚಿದ ಹಾಗಾಗುತ್ತೆ. ನೀನು ಗೇಟಿಗೆ ತಿರುಗಿದಾಗ ಮಾತ್ರ ಹಿತವಾಗಿ ಹಳದಿ ಬರುತ್ತೆ. ಮಗಳು ಬಂದ್ಲು ಅಂತ ನನಗೆ ಗೊತ್ತಾಗೋದೇ ಹಾಗೆ."

ನಾನು ನಕ್ಕೆ. "ಅತ್ತೆ, ನಿಮಗೆ ಪೊರೆ ಬಂದಿದೆ. ಪೊರೆ ಬಂದ್ರೆ ಎಲ್ಲಾನೂ ಹಳದಿಯಾಗೇ ಕಾಣುತ್ತೆ. ಗೋಡೆ ನೋಡಿ, ಎಷ್ಟು ಬೆಳ್ಳಗಿದೆ!"

ಹೆಂಡತಿ ಗೋಡೆ ನೋಡಲಿಲ್ಲ. ಪುಸ್ತಕದ ಕೊನೆಯಲ್ಲಿ ನನ್ನ ಕೈಗೆ ಸಿಗದೆ ಉಳಿದಿದ್ದ ಒಂದು ಖಾಲಿ ಹಾಳೆ ಹರಿದು ದೀಪದ ಮುಂದೆ ಹಿಡಿದಳು. ಹಾಳೆ ಬೆಣ್ಣೆಯಷ್ಟು ಹಳದಿಯಾಯಿತು.

"ಈ ಗೋಡೆಗೆ ಏನು ಬಳಿದಿದ್ರಿ?"

"ಬಿಳಿ."

"ಬರೀ ಬಿಳೀನಾ?"

"ಬಿಳಿಗೆ... ನಾಲ್ಕು ಚಮಚ ನೀಲಿ." (ಅದು ನನ್ನದೇ ಆವಿಷ್ಕಾರ. ಅಂಗಡಿಯ ಪಟ್ಟಿಯಲ್ಲಿ ಅದಕ್ಕೆ 'ಹಿಮಧವಳ' ಎಂದು ಹೆಸರು. ಅದರ ವಿಶೇಷ ಗುಣವೆಂದರೆ, ಎಂಥ ಹಳದಿ ಬೆಳಕು ಬಿದ್ದರೂ ಗೋಡೆ ಬೆಳ್ಳಗೇ ಕಾಣುತ್ತದೆ. ಹಾಗೆಂದು ಗಿರಾಕಿಗಳಿಗೆ ಹೇಳಿ ಹೇಳಿ ಮಾರುವವನು ನಾನೇ.)

ಮೂರನೇ ಸಲ ಫೋನ್ ಮಾಡಿದ್ದು ಹೆಂಡತಿ. "ಹ್ಯಾಲೊಜೆನ್," ಎಂದಳು.

"ಸರಿಯಮ್ಮ. ಹ್ಯಾಲೊಜೆನ್ನಲ್ಲೂ ಬೇರೆ ಬೇರೆ ನಂಬರಿದೆ. ಹಳೇ ಬಲ್ಬು ಬಿಚ್ಚಿ ತನ್ನಿ. ಇನ್ನು ಅರ್ಧ ಗಂಟೆ ಇರ್ತೀನಿ."

ಕಳೆದುಹೋದ ಮಾನವನ್ನು ದುಡಿದು ಗಳಿಸಲು ನಾನು ತೋಳು ಮಡಚಿ ದೀಪದ ಹಿಂದಿನ ಸಂದಿಗೆ ಕೈ ಹಾಕಿದೆ. ಕೈ ಒಳಗೆ ಹೋಯಿತು. ಹೊರಗೆ ಬರಲಿಲ್ಲ.

"ಎಳೀರಿ!"

"ಎಳೀತಾ ಇದೀನಲ್ಲ!"

"ಬೆರಳು ಬಿಡಿಸ್ಕೊಳ್ಳಿ ಮೊದಲು! ಇನ್ನು ಹದಿನೆಂಟು ನಿಮಿಷ ಇದೆ!"

ಪಾತ್ರೆ ತೊಳೆಯುವ ಸಾಬೂನು ಸುರಿದು ನನ್ನನ್ನು ಕಾರಿನಿಂದ ಬೇರ್ಪಡಿಸಿದರು. ಆಮೇಲೆ ಹೆಂಡತಿ ಕೈ ಹಾಕಿದಳು, ಬಳೆ ಅಡ್ಡ ಬಂತು. ಹನ್ನೆರಡೂಮುಕ್ಕಾಲು ಆಯಿತು.

"ಆ ಕಡೆ ಸರೀರಿ ಇಬ್ಬರೂ," ಎಂದರು ಅತ್ತೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಕೂತು, ನೋಡದೆಯೇ ಪಿನ್ನು ಚುಚ್ಚಿ ಊರೂರಿಗೆ ಮಾತು ಜೋಡಿಸಿದವರು ಅವರು. ಸಣ್ಣ ಕೈಯನ್ನು ಸಂದಿಯೊಳಗೆ ಇಳಿಸಿ, ಕಣ್ಣು ಮುಚ್ಚಿ, ಏನನ್ನೋ ತಡವಿದರು.

"ಇದೇನಿದು, ಇಲ್ಲೊಂದು ವೈರಿನ ಪಿನ್ನು ನೇತಾಡ್ತಿದೆಯಲ್ಲ?"

ಟಿಕ್ ಎಂದಿತು. ಎಡಗಡೆಯ ದೀಪ ಝಗ್ಗೆಂದು ಹತ್ತಿಕೊಂಡಿತು.

ನನಗೆ ಎಷ್ಟು ಸಂತೋಷವಾಯಿತೆಂದರೆ, ಹೆಂಡತಿ ಕಣ್ಣೊರೆಸಿಕೊಂಡು ಕೇಳಿದ ಪ್ರಶ್ನೆಯ ಅಪಾಯ ತಕ್ಷಣ ಹೊಳೆಯಲಿಲ್ಲ.

"ಬಲ್ಬು ಹೋಗೇ ಇರ್ಲಿಲ್ಲ. ಈ ಪಿನ್ನು ತಾನಾಗೇ ಹೇಗೆ ಬಿಚ್ಚಿಕೊಳ್ತು?"

"ತಾನಾಗೇ ಎಲ್ಲಿ? ಭಾನುವಾರ ಕಾರು ತೊಳೀವಾಗ ದೀಪದ ಹಿಂದೆಲ್ಲ ಬಟ್ಟೆ ತೂರಿಸಿ ಎಷ್ಟು ನೀಟಾಗಿ ಒರೆಸಿದ್ದೆ ಗೊತ್ತಾ?" ಎಂದೆ. ಹೇಳಿ ಮುಗಿಸಿದ ಮೇಲೆ ಅರ್ಥವಾಯಿತು. ಉಳಿದದ್ದನ್ನು ನಾನು ಇಲ್ಲಿ ಬರೆಯುವುದಿಲ್ಲ.

ಮರುದಿನ ಎರಡು ಹಳದಿ ದೀಪ ಹಾಕಿಕೊಂಡು ಘಾಟಿ ಹತ್ತಿ, ಏಳಕ್ಕೆ ಐದು ನಿಮಿಷವಿರುವಾಗ ಆಸ್ಪತ್ರೆ ಸೇರಿದೆವು. ಅತ್ತೆಯವರನ್ನು ಮಂಚದ ಮೇಲೆ ಮಲಗಿಸಿದ ನರ್ಸು ಕಾಗದ ತಿರುವುತ್ತಾ ಕೇಳಿದಳು. "ಲೆನ್ಸು ಯಾವ ಥರದ್ದು ಅಂತ ಇದರಲ್ಲಿ ಬರೆದಿಲ್ಲ. ಮೂರು ಥರ ಇದೆ. ನಿಮ್ಮಲ್ಲಿ ಯಾರಿಗಾದ್ರೂ ಗೊತ್ತಾ?"

ನಾನು ಗಂಟಲು ಸರಿಮಾಡಿಕೊಂಡೆ. "ನೋಡಿ ಸಿಸ್ಟರ್, ಲೆನ್ಸು ಅಂದ್ರೆ..."

ಅತ್ತೆ ಕೈ ಚಾಚಿದರು. ಈ ಸಲ ಬಾಗಿಲ ಕೋಟನ್ನಲ್ಲ, ಸರಿಯಾಗಿ ನನ್ನ ತೋಳನ್ನೇ ಹಿಡಿದರು.

"ಅದನ್ನ ಡಾಕ್ಟ್ರು ಬಂದು ಹೇಳ್ತಾರೆ ಅಳಿಯಂದ್ರೇ. ಅಲ್ಲೀವರೆಗೂ ನೀವು ಹೋಗಿ ಕಾರು ತೊಳೀರಿ," ಎಂದರು. ಒಂದು ಕ್ಷಣ ಯೋಚಿಸಿ ಸೇರಿಸಿದರು. "ನೀರು ಹಾಕಿ ಸಾಕು. ಒರೆಸ್ಬೇಡಿ."

ನಾನು ಬಕೆಟ್ಟು ಹುಡುಕಿಕೊಂಡು ಹೊರಟೆ.