ಕ್ಯಾಮೆರಾ ಕಡೆ ನೋಡಬೇಡಿ

ಕೋದಂಡಪ್ಪನಿಗೆ ಆ ದಿನದ ಫಜೀತಿ ಗಂಟುಬಿದ್ದದ್ದು ಒಂದು ಕಪ್ಪು ಡಬ್ಬಿಯಿಂದ.

ಡಬ್ಬಿ ಎಂದರೆ ಕ್ಯಾಮೆರಾ. ಚಿನ್ನದ ಗಣಿಯ ಉಗ್ರಾಣದ ದೊರೆಯವರದು. ಅವರ ಗುಮಾಸ್ತನಾದ ಕೋದಂಡಪ್ಪ ಮೂರು ವರ್ಷದಿಂದ ಅದರ ಮೇಲೆ ಕಣ್ಣಿಟ್ಟಿದ್ದ. ಬೆಳಿಗ್ಗೆ ದೊರೆಯವರು ಅದನ್ನು ಅವನ ಕೈಗಿತ್ತು, ತಮ್ಮ ಅರೆಬರೆ ಕನ್ನಡದಲ್ಲಿ ಹೇಳಿದ್ದಿಷ್ಟು: ಬರುವ ವಾರ ಅವರು ಹಡಗು ಹತ್ತಿ ಸೀಮೆಗೆ, ಎಂದರೆ ತಮ್ಮ ಇಂಗ್ಲೆಂಡಿಗೆ, ಹೊರಡುತ್ತಾರೆ. ಜೊತೆಗೆ ಒಯ್ಯಲು ಈ ಊರಿನ ಒಂದು ಫೋಟೋ ಬೇಕು. ಆದರೆ ಅದರಲ್ಲಿರುವವರಿಗೆ ಫೋಟೋ ತೆಗೆಯುತ್ತಿರುವುದು ಗೊತ್ತೇ ಆಗಿರಬಾರದು. ರೀಲಿನಲ್ಲಿ ಎಂಟು ಫೋಟೋ ಬರುತ್ತವೆ. ಅಂಥದ್ದು ಒಂದೇ ಒಂದು ಸಿಕ್ಕರೂ ಸಾಕು, ತೆಗೆದವರಿಗೇ ಕ್ಯಾಮೆರಾ ಇನಾಮು.

ಒಂದೇ ತಾನೆ ಎಂದುಕೊಂಡು ಕೋದಂಡಪ್ಪ ಹಾರುತ್ತಲೇ ಹೊರಟ.

ಅವನ ಮನೆಯಿದ್ದ ಲೈನಿನಲ್ಲಿ, ಎಂದರೆ ಗಣಿಯವರ ಮನೆಸಾಲಿನಲ್ಲಿ, ಕೊಳಾಯಿಯ ಹತ್ತಿರ ಅದೃಷ್ಟ ಕಾದು ನಿಂತಂತಿತ್ತು. ಇಬ್ಬರು ಹೆಂಗಸರು ಸೊಂಟಕ್ಕೆ ಸೆರಗು ಸಿಕ್ಕಿಸಿ ಜಗಳಕ್ಕೆ ನಿಂತಿದ್ದರು. ಒಬ್ಬಳ ಬಿಂದಿಗೆ ಆಗಲೇ ಮೇಲಕ್ಕೆದ್ದಿತ್ತು. ಕೋದಂಡಪ್ಪ ಡಬ್ಬಿಯನ್ನು ಹೊಟ್ಟೆಗೊತ್ತಿಕೊಂಡು ಅದರ ಮೇಲಿನ ಕಿಂಡಿಯಲ್ಲಿ ಬಗ್ಗಿ ನೋಡಿದ. ಅಷ್ಟರಲ್ಲಿ ಪಕ್ಕದ ಮನೆಯ ಇಡ್ಲಿ ಮಾರುವ ಮುತ್ಯಾಲಮ್ಮನ ಗಂಟಲು ಕೇಳಿಸಿತು.

"ಏ, ನಿಲ್ಸ್ರೇ ಜಗಳಾನ! ನಮ್ ಕೋದಂಡಪ್ಪ ಪಟ ಇಡೀತಾವ್ನೆ! ಉದ್ದಕ್ಕಿರೋರು ಇಂದಕ್ಕೋಗ್ರಿ, ಗಿಡ್ಡಕ್ಕಿರೋರು ಮುಂದಕ್ಬರ್ರಿ!"

"ಅಕ್ಕಾ, ಅಂಗೆಲ್ಲ ಬ್ಯಾಡ. ಅವ್ರು ಜಗಳ ಆಡ್ಲಿ ಬಿಡು," ಎಂದು ಕೋದಂಡಪ್ಪ ಗೋಗರೆದ.

"ಪಟದಾಗೆ ಜಗಳಾನಾ? ನಮ್ ಲೈನಿನ್ ಮಾನ ಏನಾಗ್ಬೇಕು?"

ಬಿಂದಿಗೆ ಎತ್ತಿದವಳೂ ಅದರ ಏಟಿಗೆ ತಲೆ ಕೊಡಬೇಕಾದವಳೂ ಕೈ ಕೈ ಹಿಡಿದು ಅಕ್ಕತಂಗಿಯರಂತೆ ನಿಂತರು. ಫೋಟೋ ತೆಗೆಯದೆ ಹೋಗಲು ಯಾರೂ ಬಿಡಲಿಲ್ಲ. ಮೊದಲನೆಯದು ಮಣ್ಣುಪಾಲಾಯಿತು.

"ನೀನು ಒಬ್ನೇ ಓದ್ರೆ ಜನ ನಿನ್ ಮಾತು ಕೇಳ್ತಾರೇನಪ್ಪ? ನಾನೂ ಬತ್ತೀನಿ ನಡಿ," ಎಂದು ಮುತ್ಯಾಲಮ್ಮ ಇಡ್ಲಿ ಬುಟ್ಟಿಯನ್ನು ಸೊಸೆಗೆ ಒಪ್ಪಿಸಿ ಹೊರಟೇಬಿಟ್ಟಳು. ಬೇಡವೆನ್ನುವ ಧೈರ್ಯ ಕೋದಂಡಪ್ಪನಿಗೆ ಹುಟ್ಟಿನಿಂದಲೇ ಇರಲಿಲ್ಲ.

ಬೇವಿನ ಮರದಡಿ ಕ್ಷೌರದ ಶ್ರೀರಾಮಪ್ಪ ಒಬ್ಬನ ಕೆನ್ನೆ ಕೆರೆಯುತ್ತಿದ್ದ. ಡಬ್ಬಿ ಕಂಡದ್ದೇ ತಡ, ಗಿರಾಕಿ ಟವಲಿನಿಂದ ಮುಖ ಮುಚ್ಚಿಕೊಂಡ. "ಇನ್ನೊಂದ್ ಕೆನ್ನೆ ಆಗ್ಲಿ ತಡೀರಿ ಸೋಮಿ!" ಇನ್ನೊಂದು ಕೆನ್ನೆಯೂ ಆಯಿತು, ತಲೆಗೆ ಎಣ್ಣೆಯೂ ಆಯಿತು. ಆಮೇಲೆ ಗಿರಾಕಿ ಶ್ರೀರಾಮಪ್ಪನ ಹೆಗಲ ಮೇಲೆ ಕೈಹಾಕಿ, ಉಸಿರು ಬಿಗಿಹಿಡಿದು ನಿಂತ. ಶ್ರೀರಾಮಪ್ಪ ಕತ್ತಿಯನ್ನು ಎದೆಗೆ ಒರಗಿಸಿಕೊಂಡ. ಇಬ್ಬರೂ ಒಂದಕ್ಕೆ ಒಪ್ಪಲಿಲ್ಲವಾಗಿ ಎರಡು ಖರ್ಚಾದವು.

ಮನುಷ್ಯರ ಸಹವಾಸವೇ ಬೇಡವೆಂದು ಕೋದಂಡಪ್ಪ ಮೇಯುತ್ತಿದ್ದ ಎಮ್ಮೆಯೊಂದಕ್ಕೆ ಗುರಿಯಿಟ್ಟ. ಎಮ್ಮೆಯ ಯಜಮಾನ ಸೊಣ್ಣಪ್ಪ ಎಲ್ಲಿದ್ದನೋ, ಓಡೋಡಿ ಬಂದು ಅದಕ್ಕೆ ನೀರು ಹೊಯ್ದು, ಹಣೆಗೆ ಕುಂಕುಮವಿಟ್ಟ. ಎಮ್ಮೆ ಆಗಲೂ ಬೇರೆತ್ತಲೋ ನೋಡುತ್ತಿತ್ತು. ಕೋದಂಡಪ್ಪನ ಜೀವಕ್ಕೆ ಹಾಯೆನಿಸಿತು. ಆದರೆ ಗುಂಡಿ ಒತ್ತುವ ಹೊತ್ತಿಗೆ ಮುತ್ಯಾಲಮ್ಮ ಒಂದು ಕೊಂಬು, ಸೊಣ್ಣಪ್ಪ ಇನ್ನೊಂದು ಕೊಂಬು ಹಿಡಿದು ಅದರ ಮುಖವನ್ನು ಕ್ಯಾಮೆರಾ ಕಡೆಗೆ ತಿರುಗಿಸಿಯೇಬಿಟ್ಟರು. ನಾಲ್ಕನೆಯದೂ ಹೋಯಿತು.

ಗಣಿಯ ಗೇಟಿನ ಹತ್ತಿರ ಬಂದಾಗ ಬೆಳಗಿನ ಪಾಳಿ ಬಿಟ್ಟಿತ್ತು. ಮೈಯೆಲ್ಲ ಧೂಳಾದ ಆಳುಗಳು ನಗುತ್ತ, ಬೈದಾಡುತ್ತ ಬರುತ್ತಿದ್ದರು. ಈ ಸಲ ಕೋದಂಡಪ್ಪ ಮುತ್ಯಾಲಮ್ಮನನ್ನು ಕೈಮುಗಿದು ಗೋಡೆಯ ಆಚೆ ನಿಲ್ಲಿಸಿ, ತಾನೊಬ್ಬನೇ ಎದುರಿಗೆ ಹೋಗಿ ಡಬ್ಬಿ ಹಿಡಿದ. ನಗು ತಟ್ಟನೆ ನಿಂತಿತು. ಚಿನ್ನ ಕದ್ದಿದ್ದಾರೇನೋ ಎಂದು ದಿನವೂ ಮೈ ತಡವಿಸಿಕೊಂಡು ಬರುವ ಜನ. ಆಫೀಸಿನವನೊಬ್ಬ ಹೊಸ ಯಂತ್ರ ತಂದಿದ್ದಾನೆಂದುಕೊಂಡು ಸಾಲಾಗಿ ನಿಂತು ಎರಡೂ ಕೈ ಮೇಲೆತ್ತಿದರು.

"ಒಟ್ಟೆ ಒಳಗಿರೋದೂ ಕಾಣ್ತದಾ ಸೋಮಿ ಇದ್ರಾಗೆ?" ಎಂದೊಬ್ಬ ಎತ್ತಿದ ಕೈ ಇಳಿಸದೆಯೇ ಕೇಳಿದ.

"ಕಾಣಲ್ಲ ಕಣಯ್ಯಾ! ಕೈ ಇಳಿಸ್ರೋ, ನಗ್ರೋ!"

"ಇದೊಂದು ಬೀಡಿ ಕಟ್ಟು ಬಿಟ್ರೆ ಏನೂ ಇಲ್ಲ, ನನ್ ಮಕ್ಕಳಾಣೆ," ಎಂದು ಅವನು ಸೊಂಟದ ಮಡಿಕೆಯಿಂದ ಬೀಡಿ ತೆಗೆದು ಕೋದಂಡಪ್ಪನ ಕಾಲ ಬಳಿ ಇಟ್ಟ. ಗಾಬರಿಯಲ್ಲಿ ಅಲ್ಲೇ ಮೂರು ಮುಗಿದವು. ಮೂರರಲ್ಲೂ ಕೈ ಮೇಲೆ.

ಉಳಿದದ್ದು ಒಂದು. ಕೋದಂಡಪ್ಪ ಊರಾಚೆಯ ಹುಣಿಸೆ ಮರದಡಿ ಕೂತ. ಈ ದಾರಿಯಲ್ಲಿ ಬೇತಮಂಗಲದ ಗಾಡಿಗಳು ಬರುತ್ತವೆ. ಗಾಡಿ ಹೊಡೆಯುವವ ತೂಕಡಿಸುತ್ತಿದ್ದರೆ ಗೆದ್ದ ಹಾಗೆ. ಮುತ್ಯಾಲಮ್ಮ ಮಂಡಿ ನೋವೆಂದು ಆಚೆ ಬಂಡೆಯ ಮೇಲೆ ಕಾಲು ನೀಡಿದ್ದಳು. ಗಾಡಿ ಬರಲಿಲ್ಲ. ತಂಪು ಗಾಳಿ ಬಂತು. ಕೋದಂಡಪ್ಪ ಕಣ್ಣು ಬಿಟ್ಟಾಗ ಸೂರ್ಯ ಮುಳುಗಿದ್ದ; ಆ ಬೆಳಕಿನಲ್ಲಿ ಇನ್ನೇನೂ ತೆಗೆಯುವ ಹಾಗಿರಲಿಲ್ಲ. ಅವನಿಗೆ ಅಳುವೇ ಬಂದುಬಿಟ್ಟಿತು.

ಎಮ್ಮೆಯ ಪಟ ನೋಡಲೇಬೇಕೆಂದು ಮುತ್ಯಾಲಮ್ಮ ಬಂಗಲೆಗೂ ಬಂದು ಜಗುಲಿಯಲ್ಲಿ ಕೂತಳು. ದೊರೆಯವರು ಸ್ನಾನದ ಮನೆಯಲ್ಲಿ ಕತ್ತಲು ಮಾಡಿಕೊಂಡು ರೀಲು ತೊಳೆದು ಫೋಟೋ ಮಾಡುತ್ತಿದ್ದರು. ಒಳಗಿನಿಂದ ನಿಟ್ಟುಸಿರಿನ ಮೇಲೆ ನಿಟ್ಟುಸಿರು. ಕೊನೆಗೊಮ್ಮೆ ದೊಡ್ಡ ನಗು! ದೊರೆಯವರು ಇನ್ನೂ ನೀರು ತೊಟ್ಟಿಕ್ಕುತ್ತಿದ್ದ ಫೋಟೋ ಹಿಡಿದು ಹೊರಗೆ ಓಡಿಬಂದರು.

"ಬಹಳ ಚೆನ್ನಾಗಿದೆ! ಇದೇ ಬೇಕಿತ್ತು! ತೆಗೆದದ್ದು ಯಾರು?"

"ನಾನೇ ದೊರೆ!" ಎಂದು ಕೋದಂಡಪ್ಪ ಎದೆ ತಟ್ಟಿಕೊಂಡು, ಆಮೇಲೆ ಫೋಟೋ ನೋಡಿದ.

ಹುಣಿಸೆ ಮರದಡಿ ಒಬ್ಬ ಬಿದ್ದುಕೊಂಡಿದ್ದ. ರುಮಾಲು ಒಂದು ಕಡೆ, ಚಪ್ಪಲಿ ಒಂದು ಕಡೆ. ಮೇಕೆಯೊಂದು ಅವನ ಅಂಗವಸ್ತ್ರದ ಅಂಚನ್ನು ನೆಮ್ಮದಿಯಾಗಿ ಮೇಯುತ್ತಿತ್ತು. ಮಲಗಿದವನ ಬಾಯಿ ಬಾವಿಯಂತೆ ತೆರೆದಿತ್ತು. ತೆಗೆದವನು ತಾನೇ ಎಂದು ಸಾಧಿಸಲು ಈಗ ದಾರಿಯೇ ಇರಲಿಲ್ಲ, ಮಲಗಿದ್ದವನೂ ತಾನೇ.

"ಒತ್ತಿದ್ದು ನಾನು ದೊರೆ," ಎಂದು ಮುತ್ಯಾಲಮ್ಮ ಎದ್ದು ನಿಂತಳು. "ಬೆಳಗಿಂದ ನೋಡ್ತಾನೇ ಇದ್ನಲ್ಲ, ಅದರಾಗೇನೈತೆ?"

"ಅಕ್ಕಾ, ನನ್ನ ಎಬ್ಬಿಸ್ಬಾರ್ದಾಗಿತ್ತಾ?"

"ಎಬ್ಬಿಸಿದ್ರೆ ನೀನೂ ಎದೆ ಸೆಟೆಸ್ಕೊಂಡು ನಿಂತ್ಕೊಂಬಿಡ್ತಿದ್ದೆ."

ದೊರೆಯವರು ಮಾತಿಗೆ ತಪ್ಪುವವರಲ್ಲ. ಕ್ಯಾಮೆರಾ ಮುತ್ಯಾಲಮ್ಮನ ಕಂಕುಳು ಸೇರಿತು. ಫೋಟೋ ಪೆಟ್ಟಿಗೆ ಸೇರಿತು, ಸೀಮೆಗೆ ಹೋಗಿ ಅಲ್ಲಿನ ಗೋಡೆಯನ್ನು ಅಲಂಕರಿಸಲು.

ಮನೆಯ ದಾರಿಯಲ್ಲಿ ಕೋದಂಡಪ್ಪನ ಜೋಲುಮುಖ ನೋಡಿ ಮುತ್ಯಾಲಮ್ಮನಿಗೆ ಕರುಳು ಚುರುಕ್ಕೆಂದಿತು.

"ಬ್ಯಾಸರ ಮಾಡ್ಕೋಬ್ಯಾಡಪ್ಪ. ನಮ್ ಲೈನಾಗೆ ಸೀಮೆಗೆ ಓಗ್ತಾ ಇರೋನು ನೀನೊಬ್ನೇ. ಬಾಯೊಂದು ಮುಚ್ಕೊಂಡಿದ್ದಿದ್ರೆ ಇನ್ನೂ ಚೆಂದಾಗಿರ್ತಿತ್ತು."

ಏನೋ ಹೇಳಲು ಹೊರಟಿದ್ದ ಕೋದಂಡಪ್ಪ, ತೆರೆದ ಬಾಯನ್ನು ಹಾಗೆಯೇ ಮುಚ್ಚಿಕೊಂಡ.